ಕಿಟ್ಟ

ಬೆಸುಗೆ ಸರಿಯಾಗಿ ಕೂತಾಗ ಒಂದು ಸದ್ದು ಬರುತ್ತದೆ. ರಾಡು ಉರಿದು ಮುಗಿದಿರುತ್ತದೆ, ಮುಖದ ಮುಂದಿನ ಶೀಲ್ಡನ್ನು ಇನ್ನೂ ಪೂರ್ತಿ ಸರಿಸಿರುವುದಿಲ್ಲ, ಅಷ್ಟರಲ್ಲಿ ‘ಟಿಕ್’. ಬೆಸುಗೆಯ ಮೇಲೆ ಗಟ್ಟಿಯಾದ ಕರಿ ಸಿಪ್ಪೆ, ಬಲಿತ ಹುಣಸೆಹಣ್ಣು ಓಡು ಬಿಟ್ಟುಕೊಳ್ಳುವ ಹಾಗೆ, ತಾನೇ ಎದ್ದು ನಿಲ್ಲುತ್ತದೆ. ಸುತ್ತಿಗೆ ಮುಟ್ಟಿಸುವುದೇ ಬೇಡ. ತುದಿಯಲ್ಲಿ ಸ್ವಲ್ಪ ತಳ್ಳಿದರೆ ಬೆರಳುದ್ದದ ಸಿಪ್ಪೆ ಒಂದೇ ತುಂಡಾಗಿ ಕಳಚಿ ಬೀಳುತ್ತದೆ. ಅದರ ಕೆಳಗೆ, ಈಗಷ್ಟೇ ಹೆಣೆದ ಜಡೆಯ ಹಾಗೆ, ಒಂದಕ್ಕೊಂದು ಒರಗಿದ ಸಣ್ಣ ಸಣ್ಣ ಅಲೆಗಳು. ಇಪ್ಪತ್ತಾರು ವರ್ಷದಿಂದ ಮಧುಗಿರಿಯಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ಆ ‘ಟಿಕ್’ ಕಿವಿಗೆ ಬಿದ್ದರೆ ಇವತ್ತಿಗೂ ಎದೆ ಹಗುರವಾಗುತ್ತದೆ.

ಎಲ್ಲ ದಿನವೂ ಹಾಗಾಗುವುದಿಲ್ಲ. ಕಬ್ಬಿಣ ತುಕ್ಕು ಹಿಡಿದಿದ್ದರೆ, ಮಳೆಗಾಲದಲ್ಲಿ ರಾಡು ತೇವ ಎಳೆದಿದ್ದರೆ, ಕರೆಂಟು ಕುಂಟುತ್ತಿದ್ದರೆ ಸಿಪ್ಪೆ ಕಚ್ಚಿಕೊಂಡು ಕೂರುತ್ತದೆ. ಚಿಪ್ಪಿಂಗ್ ಸುತ್ತಿಗೆಯಲ್ಲಿ ಕುಟ್ಟಿ ಕುಟ್ಟಿ ಬಿಡಿಸಬೇಕು. ಬಿಸಿ ಚೂರು ಹಾರಿ ಅಂಗಿಯ ಕಾಲರಿನೊಳಗೆ ಇಳಿಯುತ್ತದೆ. ನನ್ನ ಅಂಗಿಗಳಲ್ಲಿ ಸಾಸಿವೆಯಷ್ಟು ಸಣ್ಣ ತೂತು ಇಲ್ಲದ ಅಂಗಿಯೊಂದಿಲ್ಲ. ಮದುವೆಗೆ ಅಂತ ತೆಗೆದಿಟ್ಟಿದ್ದನ್ನು ಮಾತ್ರ ಮನೆಯವಳು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ.

ಅಂಗಡಿಯಲ್ಲಿ ನಾವೆಲ್ಲ ಇದನ್ನು ಸ್ಲ್ಯಾಗು ಅನ್ನುತ್ತೇವೆ. ಇದಕ್ಕೆ ನಮ್ಮದೇ ಒಂದು ಹೆಸರಿದೆ ಅಂತ ನನಗೆ ಗೊತ್ತಾದದ್ದು ಮಿಡಿಗೇಶಿ ಕಡೆಯ ಒಬ್ಬ ಮುದುಕರಿಂದ. ದಂಡಿನ ಮಾರಮ್ಮನ ಜಾತ್ರೆಗೆ ಬಂದವರು, ಬಿಸಿಲಿಗೆ ನೆರಳು ಹುಡುಕಿಕೊಂಡು ನಮ್ಮ ಶೀಟಿನ ಕೆಳಗೆ ಕೂತರು. ನಾನೊಂದು ಗೇಟಿನ ಮೂಲೆ ಬೆಸೆಯುತ್ತಿದ್ದೆ. ಸಿಪ್ಪೆ ಎದ್ದದ್ದು ನೋಡಿ, “ಕಿಟ್ಟ ಚೆನ್ನಾಗಿ ಬಿಡ್ತಾ ಐತಲ್ಲಪ್ಪ” ಅಂದರು. ಕಮ್ಮಾರರ ಮನೆತನ ಅವರದ್ದು. ತಿದಿ ಒತ್ತಿ, ಊರಿನ ನೇಗಿಲ ಕುಳವನ್ನೆಲ್ಲ ಕಾಸಿ ತಟ್ಟಿಕೊಟ್ಟು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ರಾಗಿ ತಂದು ಬದುಕಿದವರು. ಟ್ರ್ಯಾಕ್ಟರು ಬಂತು, ಕುಳ ಹೋಯಿತು, ಕುಲುಮೆ ಆರಿತು. ಒಂದು ಕಿಟ್ಟದ ತುಂಡನ್ನು ಅಂಗೈಯಲ್ಲಿ ಹಿಡಿದು ತೂಗಿ ನೋಡಿ, “ನಮ್ಮದು ಇಂಗಿರ್ಲಿಲ್ಲ, ತೂತು ತೂತಾಗಿ ಜೇನಿನ ರೊಟ್ಟಿ ಇದ್ದಂಗಿರ್ತಿತ್ತು” ಅಂದರು. ಜೇನಿನಿಂದ ಹೆಸರು ಪಡೆದ ಊರಿನಲ್ಲಿ ಕೂತು ಆ ಮಾತು ಕೇಳಿದ್ದು ನನಗೆ ಇನ್ನೂ ನೆನಪಿದೆ. ಅವತ್ತಿನಿಂದ ನನ್ನ ಬಾಯಲ್ಲಿ ಅದು ಕಿಟ್ಟವೇ.

ಹತ್ತನೇ ಕ್ಲಾಸಿನ ಗಣಿತ ಎರಡು ಸಲ ಕೈಕೊಟ್ಟ ಮೇಲೆ ಅಪ್ಪ ನನ್ನನ್ನು ಪಾವಗಡ ರಸ್ತೆಯ ಈ ಅಂಗಡಿಗೆ ಕರೆದುಕೊಂಡು ಬಂದರು. ಮೇಸ್ತ್ರಿ ನನ್ನ ಕೈ ತಿರುಗಿಸಿ ನೋಡಿ, “ಕಬ್ಬಿಣದ ಅಂಗಡೀಲಿ ನೊಣಕ್ಕೇನು ಕೆಲ್ಸ ಅಂತಾರೆ. ಇವ್ನು ನೊಣವೋ ಕೆಲಸಗಾರನೋ, ಒಂದು ತಿಂಗಳಾಗ್ಲಿ ನೋಡಾನ” ಅಂದರು. ಆ ತಿಂಗಳು ರಾಡು ಹಿಡಿಯುವ ಹೋಲ್ಡರ್ ಮುಟ್ಟಲು ಬಿಡಲಿಲ್ಲ. ಆಂಗಲ್ಲಿನ ಡೊಂಕು ತೆಗೆಯುವುದು, ರೆಡ್ ಆಕ್ಸೈಡ್ ಬಳಿಯುವುದು, ಸಂಜೆ ನೆಲ ಗುಡಿಸುವುದು. ಗುಡಿಸುವುದಕ್ಕೆ ಪೊರಕೆಯ ಜೊತೆ ಒಂದು ಆಯಸ್ಕಾಂತ ಕೊಟ್ಟಿದ್ದರು, ಕೆಟ್ಟ ರೇಡಿಯೋದ ಸ್ಪೀಕರಿನಿಂದ ಬಿಚ್ಚಿದ್ದು. ಗ್ರೈಂಡರಿನ ಕೆಳಗೆ ಬಿದ್ದ ಕಬ್ಬಿಣದ ಪುಡಿ ಗಾಳಿಗೆ ಎದ್ದು ಹಸಿ ಬಣ್ಣಕ್ಕೆ ಅಂಟಿದರೆ ಗೇಟು ಕಜ್ಜಿ ಹಿಡಿದ ಹಾಗೆ ಕಾಣುತ್ತದೆ. ಅದಕ್ಕೇ ಆಯಸ್ಕಾಂತಕ್ಕೆ ಕಾಗದ ಸುತ್ತಿ ನೆಲದ ಮೇಲೆ ಆಡಿಸಬೇಕು. ಪುಡಿ ಮುಳ್ಳುಹಂದಿಯ ಹಾಗೆ ನೆಟ್ಟಗೆ ನಿಲ್ಲುತ್ತದೆ, ಕಾಗದ ಬಿಚ್ಚಿದರೆ ಡಬ್ಬಕ್ಕೆ ಉದುರುತ್ತದೆ.

ನನಗೆ ಅದು ಹೊಸದೇನಲ್ಲ. ಚಿಕ್ಕವರಿದ್ದಾಗ, ಜೋರು ಮಳೆ ಬಿದ್ದ ಮಾರನೇ ದಿನ, ಬೆಟ್ಟದ ಕಡೆಯಿಂದ ಇಳಿದು ಬರುವ ಕಾಲುವೆಯ ಮರಳಿನಲ್ಲಿ ಇಂಥದೇ ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ಎಳೆದಾಡುತ್ತಿದ್ದೆವು. ನೀರು ತಿರುಗುವ ಕಡೆಯೆಲ್ಲ ಕಾಡಿಗೆ ಎಳೆದಂತೆ ಕರಿ ಗೆರೆ ಇರುತ್ತಿತ್ತು. ಎಳೆದರೆ ಅದೆಲ್ಲ ಆಯಸ್ಕಾಂತಕ್ಕೆ ಮೀಸೆಯಾಗಿ ಅಂಟುತ್ತಿತ್ತು. ಯಾರ ಮೀಸೆ ದೊಡ್ಡದು ಅನ್ನುವುದೇ ಆಟ. ಆ ಕರಿ ಮರಳಿನ ಮಾತು ಆಮೇಲೆ ಮತ್ತೆ ಬರುತ್ತದೆ.

ಎರಡನೇ ತಿಂಗಳು ಹೋಲ್ಡರ್ ಕೈಗೆ ಬಂತು. ಆ ವಾರವೇ ಕಣ್ಣೂ ಹೋಗಿ ಬಂತು. ಶೀಲ್ಡ್ ಹಿಡಿದರೆ ರಾಡಿನ ತುದಿ ಎಲ್ಲಿದೆ ಅಂತಲೇ ಕಾಣದು, ಅದಕ್ಕೆ ಟ್ಯಾಕ್, ಅಂದರೆ ಚುಕ್ಕೆ ಬೆಸುಗೆ, ಹಾಕುವಾಗ ಬರಿಗಣ್ಣಲ್ಲೇ ನೋಡಿದ್ದೆ. ಹಗಲೆಲ್ಲ ಏನೂ ಆಗಲಿಲ್ಲ. ರಾತ್ರಿ ಹನ್ನೊಂದಕ್ಕೆ ರೆಪ್ಪೆಯೊಳಗೆ ಹಿಡಿ ಮರಳು ಸುರಿದ ಹಾಗಾಯಿತು. ಬೆಸುಗೆಯ ಬೆಳಕಿನಲ್ಲಿ ಕಣ್ಣಿಗೆ ಕಾಣದ ಕಿರಣವಿದೆ, ಬಿಸಿಲು ಚರ್ಮವನ್ನು ಸುಡುವ ಹಾಗೆ ಅದು ಕಣ್ಣಿನ ಮೇಲ್ಪೊರೆಯನ್ನು ಸುಡುತ್ತದೆ, ನೋವು ಏಳುವುದು ಐದಾರು ಗಂಟೆ ಕಳೆದ ಮೇಲೆ. ಅದೆಲ್ಲ ಆಮೇಲೆ ತಿಳಿಯಿತು. ಅವತ್ತು ಗೊತ್ತಿದ್ದದ್ದು ಅವ್ವನಿಗೆ ಗೊತ್ತಿದ್ದದ್ದು ಮಾತ್ರ. ಆಲೂಗಡ್ಡೆ ತೆಳ್ಳಗೆ ಹೆಚ್ಚಿ ಕಣ್ಣ ಮೇಲಿಟ್ಟಳು. ಬಿಸಿಯಾದ ಬಿಲ್ಲೆ ತೆಗೆದು ತಣ್ಣನೆಯದು ಇಡುತ್ತಾ ಬೆಳಗಿನವರೆಗೂ ಕೂತಿದ್ದಳು. ಒಂದೂವರೆ ದಿನಕ್ಕೆ ಕಣ್ಣು ಬಿಟ್ಟೆ. ಈಗ ನನ್ನ ಹತ್ತಿರ ಕಲಿಯುವ ಹುಡುಗರಿಗೆ ಮೊದಲು ಶೀಲ್ಡ್, ಆಮೇಲೆ ರಾಡು. ಈ ಒಂದು ವಿಷಯದಲ್ಲಿ ನಾನು ಕರುಣೆ ತೋರುವುದಿಲ್ಲ.

ಕರಿ ಗಾಜಿನ ಹಿಂದೆ ನಾವು ಬೆಳಕನ್ನು ನೋಡುವುದೇ ಇಲ್ಲ ಅಂದರೆ ಬಹಳ ಜನ ನಂಬುವುದಿಲ್ಲ. ನೋಡಬೇಕಾದದ್ದು ಬೆಳಕಿನ ಹಿಂದೆ ಇರುವ ಕರಗಿದ ಕಬ್ಬಿಣದ ಸಣ್ಣ ಹೊಂಡವನ್ನು. ಕಡಲೆಬೇಳೆಯಷ್ಟೇ ಇರುತ್ತದೆ ಅದು. ಅಂಚು ಎರಡೂ ಕಡೆಯ ಕಬ್ಬಿಣವನ್ನು ಹಿಡಿಯುತ್ತಿದೆಯೋ ಇಲ್ಲವೋ ಅನ್ನುವುದೇ ಕೆಲಸ. ರಾಡಿನ ತುದಿಗೂ ಕಬ್ಬಿಣಕ್ಕೂ ನಡುವೆ ರಾಡಿನ ದಪ್ಪದಷ್ಟೇ ಅಂತರ. 3.15 ಮಿಲಿಮೀಟರಿನ ರಾಡು ಹೆಚ್ಚುಕಡಿಮೆ ಒಂದು ನಿಮಿಷ ಉರಿಯುತ್ತದೆ. ಆ ಒಂದು ನಿಮಿಷ ಮನೆ ಸಾಲ, ಮಕ್ಕಳ ಫೀಸು ಯಾವುದೂ ಇರುವುದಿಲ್ಲ. ಮೇಸ್ತ್ರಿಯಂತೂ ನೋಡುತ್ತಲೇ ಇರಲಿಲ್ಲ, ಬೆನ್ನು ಹಾಕಿ ಲೆಕ್ಕ ಬರೆಯುತ್ತಾ ಕೇಳುತ್ತಿದ್ದರು. ಪಕ್ಕದಲ್ಲಿ ಬೋಂಡದ ಅಂಗಡಿ ಇತ್ತು. ಕಾದ ಎಣ್ಣೆಗೆ ಬೋಂಡ ಬಿಟ್ಟ ಸದ್ದೂ ಸರಿಯಾದ ಬೆಸುಗೆಯ ಸದ್ದೂ ಒಂದೇ. “ಅವಮ್ಮನ ಬಾಂಡ್ಲಿ ಕೇಳ್ಕಂಡು ಕೆಲ್ಸ ಮಾಡ್ಲಾ” ಅನ್ನುತ್ತಿದ್ದರು. ಸಂಜೆ ನಾಲ್ಕರ ಹೊತ್ತಿಗೆ ಎರಡೂ ಸದ್ದು ಒಟ್ಟಿಗೆ ಕೂಡಿದರೆ ಅವತ್ತಿನ ಕೆಲಸ ಚೆನ್ನಾಗಿದೆ ಅಂತ ಲೆಕ್ಕ. ಆ ತಾಯಿ ಈಗಿಲ್ಲ, ಅಲ್ಲಿ ಮೊಬೈಲ್ ರಿಪೇರಿ ಅಂಗಡಿಯಾಗಿದೆ. ನನ್ನ ಕಿವಿಯಲ್ಲಿ ಆ ಬಾಂಡ್ಲಿ ಇನ್ನೂ ಕಾಯುತ್ತಿದೆ.

ಕಿಟ್ಟ ಯಾಕೆ ಬರುತ್ತದೆ ಅಂತ ನಾನು ಬಹಳ ವರ್ಷ ಕೇಳಿರಲೇ ಇಲ್ಲ. ರಾಡಿನ ಒಳಗೆ ಕಬ್ಬಿಣದ ತಂತಿ, ಮೇಲೆ ಬೂದಿ ಬಣ್ಣದ ಗಟ್ಟಿ ಲೇಪ. ಸ್ವೀಡನ್ನಿನ ಆಸ್ಕರ್ ಷೆಲ್‌ಬರ್ಗ್ ಅನ್ನುವವರು ನೂರು ವರ್ಷಕ್ಕೂ ಹಿಂದೆ ಬರಿ ತಂತಿಗೆ ಲೇಪ ಹಚ್ಚುವ ಉಪಾಯ ಕಂಡುಹಿಡಿದರು. ಅದಕ್ಕೆ ಮೊದಲು ಕರಗಿದ ಕಬ್ಬಿಣಕ್ಕೆ ಗಾಳಿ ಸೋಕಿ ಬೆಸುಗೆ ಪೊಳ್ಳಾಗುತ್ತಿತ್ತು. ಲೇಪ ತಾನೂ ಕರಗಿ, ಹೊಗೆಯಾಗಿ ಸುತ್ತ ನಿಂತು, ಕಿಟ್ಟವಾಗಿ ಮೇಲೆ ತೇಲಿ, ಕಬ್ಬಿಣ ಗಟ್ಟಿಯಾಗುವವರೆಗೆ ಗಾಳಿ ತಾಗದಂತೆ ಹೊದಿಕೆ ಹಾಕಿಕೊಂಡಿರುತ್ತದೆ. ಕಬ್ಬಿಣ ಒಂದು ಪ್ರಮಾಣದಲ್ಲಿ ಕುಗ್ಗುತ್ತದೆ, ಕಿಟ್ಟ ಇನ್ನೊಂದು ಪ್ರಮಾಣದಲ್ಲಿ. ಆಗ ಹಿಡಿತ ಬಿಡುತ್ತದೆ. ಅದೇ ‘ಟಿಕ್’. ಮಿಡಿಗೇಶಿಯ ಮುದುಕರ ಕುಲುಮೆಯಲ್ಲಿ ಕಿಟ್ಟ ಅಂದರೆ ಕಬ್ಬಿಣದಿಂದ ಹೊರಬಿದ್ದ ಹೊಲಸು. ನನ್ನ ರಾಡಿನಲ್ಲಿ ಅದನ್ನು ಬೇಕು ಅಂತಲೇ ಹಚ್ಚಿಟ್ಟಿದ್ದಾರೆ.

ಬಗ್ಗದ ಕಬ್ಬಿಣವೂ ಇದೆ. ಕೊರಟಗೆರೆ ಕಡೆಯಿಂದ ಒಬ್ಬ ಅಜ್ಜಿ ಒಂದು ದಿನ ಬಸ್ಸಿಳಿದು ಬಂದರು. ರಸಗೊಬ್ಬರದ ಚೀಲದಲ್ಲಿ ಹಳೇ ಸೀರೆ ಸುತ್ತಿದ ದೋಸೆ ಕಾವಲಿ. ಬೀಡು ಕಬ್ಬಿಣದ್ದು. ಒಂದು ಕಿವಿ ಮುರಿದು, ಸೀಳು ಎರಡು ಬೆರಳಿನಷ್ಟು ಒಳಕ್ಕೂ ಹೋಗಿತ್ತು. “ನಮ್ಮತ್ತೆ ಕಾಲದ್ದು ಕಣಪ್ಪ. ಮೂರು ಅಂಗಡೀಲಿ ಆಗಲ್ಲ ಅಂದ್ರು, ಹೊಸದು ತಗೋ ಅಂದ್ರು. ಹೊಸದ್ರಲ್ಲಿ ದೋಸೆ ಏಳಲ್ಲ” ಅಂದರು. ಆ ಮೂರು ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಬೀಡಿನಲ್ಲಿ ಇಂಗಾಲ ಜಾಸ್ತಿ. ಒಂದೇ ಕಡೆ ಬಿಸಿ ಮಾಡಿದರೆ, ಬೇಗ ತಣ್ಣಗಾದರೆ, ಬೆಸುಗೆಯ ಪಕ್ಕದಲ್ಲೇ ಹೊಸ ಸೀಳು ಬಿಡುತ್ತದೆ. ಮಾಮೂಲಿ ರಾಡು ಆಗುವುದಿಲ್ಲ, ನಿಕ್ಕಲ್ ರಾಡು ಬೇಕು. ಎರಡು ರಾಡಿನ ಬೆಲೆಗೆ ಹೊಸ ಕಾವಲಿಯೇ ಬರುತ್ತಿತ್ತು. ಅದನ್ನೂ ಹೇಳಿದೆ. ಅಜ್ಜಿ ಕಾವಲಿಯನ್ನು ಚೀಲಕ್ಕೆ ಹಾಕಿಕೊಳ್ಳಲಿಲ್ಲ, ನನ್ನ ಮುಖ ನೋಡುತ್ತಾ ನಿಂತರು.

ಮೊದಲು ಎಷ್ಟೋ ವರ್ಷದ ಎಣ್ಣೆಯ ಕರಿಯನ್ನು ಸೀಳಿನ ಸುತ್ತ ಉಜ್ಜಿ ತೆಗೆದೆ. ಸೀಳಿನ ಒಳತುದಿಗೆ ಸಣ್ಣ ತೂತು ಕೊರೆದೆ, ಅದು ಮುಂದಕ್ಕೆ ಓಡದಿರಲಿ ಅಂತ. ಇದ್ದಿಲಿನ ಮೇಲಿಟ್ಟು, ನೀರು ಚಿಮುಕಿಸಿದರೆ ಹನಿ ಕುಣಿದು ಆರುವಷ್ಟು ಕಾಯಿಸಿದೆ. ಒಂದಂಗುಲ ಬೆಸೆಯುವುದು, ನಿಲ್ಲಿಸುವುದು, ಬಿಸಿ ಇರುವಾಗಲೇ ಸುತ್ತಿಗೆಯಲ್ಲಿ ಮಗುವಿನ ಬೆನ್ನು ತಟ್ಟಿದ ಹಾಗೆ ತಟ್ಟುವುದು, ಕಾಯುವುದು. ಮತ್ತೆ ಒಂದಂಗುಲ. ಅಷ್ಟಕ್ಕೇ ಅರ್ಧ ದಿನ ಹಿಡಿಯಿತು. ಆಮೇಲೆ ಬಿಸಿ ಬೂದಿ ತುಂಬಿದ ಪುಟ್ಟಿಯಲ್ಲಿ ಹೂತು, ಮೇಲೆ ಗೋಣಿಚೀಲ ಮುಚ್ಚಿಟ್ಟೆ. ಅಜ್ಜಿ ಊರಿಗೆ ಹೋಗಲಿಲ್ಲ, ಮಧುಗಿರಿಯಲ್ಲೇ ಮಗಳ ಮನೆಯಲ್ಲಿ ಉಳಿದರು. ಬೆಳಗ್ಗೆ ನಾನು ಬೀಗ ತೆಗೆಯುವ ಮೊದಲೇ ಕಟ್ಟೆಯ ಮೇಲೆ ಕೂತಿದ್ದರು. ಬೂದಿ ಕೆದಕಿ ಕಾವಲಿಯನ್ನು ಒಂದು ಬೆರಳಿಗೆ ತೂಗಿಹಾಕಿ, ಇನ್ನೊಂದು ಕೈಯಲ್ಲಿ ಸ್ಪ್ಯಾನರಿನಿಂದ ತಟ್ಟಿದೆ. ಸೀಳಿದ್ದರೆ ‘ಬದ್’ ಅನ್ನಬೇಕು. ‘ಠಣ್’ ಅಂದಿತು. ಗುಡಿಯ ಗಂಟೆಯ ಹಾಗೆ ಅಲ್ಲ, ಮನೆಯ ಕಂಚಿನ ತಟ್ಟೆ ನೆಲಕ್ಕೆ ಬಿದ್ದ ಹಾಗೆ. ಅಜ್ಜಿ ಅದನ್ನು ಇಸಿದುಕೊಂಡು ತಾವೂ ಒಂದು ಸಲ ತಟ್ಟಿ ನೋಡಿದರು. ಕೂಲಿ ಕೊಟ್ಟು, ಮೇಲೆ ಒಂದು ಸೇರು ಹಸಿ ಕಡಲೆಕಾಯಿ ಇಟ್ಟು ಹೋದರು.

ಬೆಸುಗೆಯ ಕೆಲಸದಲ್ಲಿ ಹೆಸರು ಉಳಿಯುವುದಿಲ್ಲ, ಜಾಗ ಉಳಿಯುತ್ತದೆ. ಬಸ್ಸಿನಲ್ಲಿ ಹೋಗುವಾಗ ನನಗೆ ಊರುಗಳು ಬೇರೆ ರೀತಿ ಕಾಣುತ್ತವೆ. ಈ ಗೇಟು ನಾನು ಮಾಡಿದ್ದು, ಆ ಟ್ರೈಲರಿನ ಹಿಂದಿನ ಬಾಗಿಲು ನಾನು ಕೂರಿಸಿದ್ದು. ಶಿರಾ ಹತ್ತಿರ 48ನೇ ನಂಬರಿನ ಹೆದ್ದಾರಿ ಬದಿಯಲ್ಲಿ ಮಧ್ಯರಾತ್ರಿ ಲಾರಿಯ ಕೆಳಗೆ ಮಲಗಿ ಬೆಸೆದದ್ದೂ ಇದೆ. ಅದೇ ತಾಲ್ಲೂಕಿನ ಕಗ್ಗಲಡುವಿಗೆ ಒಂದು ಮಾರ್ಚಿನಲ್ಲಿ ಕಿಟಕಿಯ ಗ್ರಿಲ್ ಕೂರಿಸಲು ಹೋಗಿದ್ದೆ. ಊರ ನಡುವಿನ ಹುಣಸೆಮರಗಳ ತುಂಬ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿದ್ದವು. ಗ್ರೈಂಡರಿನ ಪ್ಲಗ್ ಹಾಕುತ್ತಿದ್ದೆ, ಮನೆಯ ಯಜಮಾನರು ಓಡಿ ಬಂದರು. “ಅದೊಂದು ಬ್ಯಾಡಣ್ಣ, ಹಕ್ಕಿ ಎದ್ದು ಹೋದ್ರೆ ಮರಿ ಬಿಸಿಲಿಗೆ ಬೀಳ್ತವೆ.” ಆ ದಿನ ಅಷ್ಟೂ ಸ್ಕ್ವೇರ್ ಪೈಪನ್ನು ಆಕ್ಸಾ ಬ್ಲೇಡಿನಲ್ಲಿ ಕೈಯಿಂದಲೇ ಕೊಯ್ದೆ. ತೋಳು ಎರಡು ದಿನ ನೋಯುತ್ತಿತ್ತು. ಆ ಊರಿನ ಮೇಲೆ ನನಗಿರುವ ಗೌರವ ಮಾತ್ರ ಇನ್ನೂ ಇಳಿದಿಲ್ಲ.

2018ರಲ್ಲಿ ಪಾವಗಡದ ತಿರುಮಣಿಗೆ ಹೋದೆ. ಸೋಲಾರ್ ಪಾರ್ಕಿನ ಕೆಲಸ ಜೋರಾಗಿ ನಡೆಯುತ್ತಿತ್ತು. ಐದು ಊರುಗಳ 13,000 ಎಕರೆ, 2,050 ಮೆಗಾವಾಟ್. ಅಷ್ಟು ಕಬ್ಬಿಣವನ್ನು ಒಂದೇ ಕಡೆ ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆದರೆ ಅಲ್ಲಿ ಬೆಸುಗೆಗೆ ಜಾಗ ಕಡಿಮೆ. ಹಲಗೆ ಹೊರುವ ಕಂಬಗಳೆಲ್ಲ ಸತು ಲೇಪಿಸಿದವು, ಬೋಲ್ಟು ನಟ್ಟಿನಲ್ಲೇ ಕೂಡಿಕೊಳ್ಳುತ್ತವೆ. ನಮಗೆ ಸಿಕ್ಕಿದ್ದು ಬೇಲಿಯ ಗೇಟುಗಳು. ಸತುವಿನ ಮೇಲೆ ಬೆಸೆದರೆ ಬಿಳಿ ಹೊಗೆ, ನಾಲಿಗೆಯ ಮೇಲೆ ಸಿಹಿ ಸಿಹಿ. ಸಂಜೆಗೆ ಮೈ ನಡುಗಿ ಜ್ವರ, ಬೆಳಗ್ಗೆ ಏನೂ ಇಲ್ಲ. ಹಾಲು ಕುಡಿದರೆ ಸರಿಹೋಗುತ್ತದೆ ಅನ್ನುವುದು ನಮ್ಮಲ್ಲಿ ಎಲ್ಲರ ಮಾತು. ಬೆಸೆಯುವ ಜಾಗದ ಸತುವನ್ನು ಮೊದಲೇ ಉಜ್ಜಿ ತೆಗೆದು, ಹೊಗೆ ಮುಖಕ್ಕೆ ಬರದ ಹಾಗೆ ಗಾಳಿ ನೋಡಿ ನಿಲ್ಲುವುದೇ ಮೇಲು ಅಂತ ನಾನು ಮೂರನೇ ದಿನ ಕಲಿತೆ.

ಅಲ್ಲಿ ದಿನಾ ಒಬ್ಬ ರೈತರು ಬಂದು ನಮ್ಮ ಮೆಷಿನ್ನಿನ ಹತ್ತಿರ ಕೂರುತ್ತಿದ್ದರು. ಮನೆಯಲ್ಲಿ ತೆಲುಗು, ನಮ್ಮೊಂದಿಗೆ ಕನ್ನಡ. ಹೊಲವೆಲ್ಲ ಪಾರ್ಕಿಗೆ ಗುತ್ತಿಗೆ ಹೋಗಿತ್ತು, ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಕೈ ಸುಟ್ಟುಕೊಳ್ಳುವುದಕ್ಕಿಂತ ವಾಸಿ ಅಂತ ಅವರೇ ಹೇಳುತ್ತಿದ್ದರು. ಎತ್ತು ಮಾರಿಯಾಗಿತ್ತು. ಒಂದು ಮಧ್ಯಾಹ್ನ ಮನೆಯಿಂದ ಕುಂಟೆ ಹೊತ್ತು ತಂದರು. ಅದರ ಅಲಗಿನ ಒಂದು ಮೂಲೆ ಬಿರುಕು ಬಿಟ್ಟಿತ್ತು. “ಇದನ್ನೊಂಚೂರು ಹಿಡಿಸಿಕೊಡಣ್ಣ” ಅಂದರು. ಯಾವ ಹೊಲಕ್ಕೆ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ. ಅವರೇ ಹೇಳಿದರು, “ಮುರಿದಿರೋದು ಮನೇಲಿ ಇರಬಾರದು.” ಎರಡೂ ಕಡೆಯಿಂದ ಬೆಸೆದು, ಗ್ರೈಂಡ್ ಮಾಡಿ, ಗೆರೆಯೇ ಕಾಣದಂತೆ ಮಾಡಿಕೊಟ್ಟೆ. ಹೆಬ್ಬೆರಳಿನಲ್ಲಿ ಆ ಜಾಗವನ್ನು ಸವರಿ ನೋಡಿ, ಹೆಗಲಿಗೇರಿಸಿಕೊಂಡು ಹಲಗೆಗಳ ಸಾಲಿನ ನಡುವೆ ಹೋದರು.

ಸೂರ್ಯನ ಮಾತು ಬಂತು. 2019ರ ಡಿಸೆಂಬರ್ 26ರ ಗ್ರಹಣಕ್ಕೆ ಎರಡು ದಿನ ಮೊದಲು ಒಬ್ಬ ಮೇಷ್ಟ್ರು ಮಕ್ಕಳಿಗೆ ತೋರಿಸಲು ವೆಲ್ಡಿಂಗ್ ಗಾಜು ಕೇಳಿಕೊಂಡು ಬಂದರು. ನಮ್ಮಲ್ಲಿದ್ದದ್ದು 11ನೇ ನಂಬರು. ಬೆಸುಗೆಗೆ ಅದು ಸಾಕು, ಸೂರ್ಯನಿಗೆ ಸಾಲದು, 14 ಬೇಕು. ತುಮಕೂರಿನಿಂದ ನಾಲ್ಕು ಗಾಜು ತರಿಸಿಕೊಟ್ಟೆ. ಅವತ್ತು ಬೆಳಗ್ಗೆ ಅಂಗಡಿ ಮುಚ್ಚಿ ನಾನೂ ಶಾಲೆಗೆ ಹೋದೆ. ಒಂಬತ್ತೂವರೆಯ ಸುಮಾರಿಗೆ ಗಾಜಿನೊಳಗೆ ಸೂರ್ಯ ಕುಡುಗೋಲಾಗಿದ್ದ. ಬಿಸಿಲು ಹಳದಿಗಿಂತ ಬೂದಿಯಾಗಿತ್ತು. ಮಕ್ಕಳು ಸಾಲಾಗಿ ನಿಂತು ಹಸಿರು ಕುಡುಗೋಲು ನೋಡಿ ಕೂಗುತ್ತಿದ್ದರು.

ನಾನು ಕಬ್ಬಿಣದವನು ಅಂತ ಮೇಷ್ಟ್ರು ಅವತ್ತು ಹೇಳಿದ ಒಂದು ಸಂಗತಿ ನನ್ನ ತಲೆಯಿಂದ ಹೋಗಿಲ್ಲ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನುವ ಕಂಪನಿಯ ವೈದ್ಯ ಮೈಸೂರು ಸೀಮೆಯನ್ನೆಲ್ಲ ಸುತ್ತಿ, ಬೆಳೆ, ಮಗ್ಗ, ಕುಲುಮೆ ಎಲ್ಲ ಬರೆದುಕೊಂಡು ಹೋದ. ಮಧುಗಿರಿಯಲ್ಲೂ ಚನ್ನರಾಯನದುರ್ಗದಲ್ಲೂ ಜನ ಕಬ್ಬಿಣ ತೆಗೆಯುತ್ತಿದ್ದುದನ್ನು ಆತ ಬರೆದಿದ್ದಾನೆ. ಎಲ್ಲಿಂದ ತೆಗೆಯುತ್ತಿದ್ದರು ಅಂದರೆ, ಮಳೆಗಾಲದಲ್ಲಿ ಬಂಡೆಗಳಿಂದ ಹರಿದು ಬರುವ ಕರಿ ಮರಳಿನಿಂದ. ನಮ್ಮ ಮೀಸೆಯ ಮರಳು! ಆ ಕಬ್ಬಿಣವನ್ನು ತಂಗಡಿ ಗಿಡದ ಕಡ್ಡಿ, ಹಸಿ ಎಲೆಯ ಜೊತೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕಾಸಿ ಉಕ್ಕು ಮಾಡುತ್ತಿದ್ದರಂತೆ. ಕಲ್ಲುಕುಟಿಗರ ಚಾಣಕ್ಕೆ ಆ ಉಕ್ಕು ಹೋಗುತ್ತಿತ್ತು. ಅದೇ 1800ರಲ್ಲಿ ಇಟಲಿಯ ವೋಲ್ಟಾ ಜಗತ್ತಿಗೆ ಮೊದಲ ಬ್ಯಾಟರಿ ತೋರಿಸಿದ್ದು ಅಂತಲೂ ಮೇಷ್ಟ್ರು ಸೇರಿಸಿದರು.

ಅವತ್ತು ಮನೆಗೆ ಹೋಗುವಾಗ ಬೆಟ್ಟದ ಕಡೆ ನೋಡಿದೆ. ಸಮುದ್ರಮಟ್ಟದಿಂದ 3,930 ಅಡಿ ಎತ್ತರಕ್ಕೆ ನಿಂತ ಒಂದೇ ಬಂಡೆ, ಏಕಶಿಲೆ ಅಂತ ದಿನಾ ಹೇಳುವ ಬೆಟ್ಟ. ಕಡಿದಾದ ಕಡೆ ಹೆಜ್ಜೆಯಿಡಲು ಕೊರೆದ ಕಚ್ಚುಗಳಿವೆ. ಅವನ್ನು ಕೊರೆದ ಚಾಣದ ಉಕ್ಕೂ ಇದೇ ಬಂಡೆಯಿಂದ ತೊಳೆದು ಬಂದ ಮರಳಿನದ್ದೇ ಇರಬಹುದಲ್ಲ ಅನ್ನಿಸಿತು. ನಮ್ಮ ಅಂಗಡಿಗೆ ಆಂಗಲ್ಲು, ಪೈಪು ಎಲ್ಲ ಲಾರಿಯಲ್ಲಿ ದೂರದಿಂದ ಬಂದು ಇಳಿಯುತ್ತವೆ. ಪಾವಗಡ ರಸ್ತೆಯ ಬದಿಯಲ್ಲಿ ತಂಗಡಿ ಈಗಲೂ ಹಳದಿ ಹೂ ಬಿಡುತ್ತದೆ. ಮಿಡಿಗೇಶಿಯ ಮುದುಕರ ಅಜ್ಜನ ಅಜ್ಜ ಅದರ ಕಡ್ಡಿ ಮುರಿದಿದ್ದನೋ ಏನೋ. ಕೇಳೋಣ ಅಂತ ಮಾರನೇ ಜಾತ್ರೆಯಲ್ಲಿ ಕಾದೆ, ಅವರು ಬರಲಿಲ್ಲ.

ಹೋದ ವರ್ಷ ಮಳೆ ಬಂದು ನಿಂತ ಒಂದು ಭಾನುವಾರ ಮಗಳನ್ನು ಕಾಲುವೆಗೆ ಕರೆದುಕೊಂಡು ಹೋದೆ. ಅಂಗಡಿಯ ಅದೇ ಹಳೇ ಆಯಸ್ಕಾಂತ, ಅಂಚು ಮುರಿದಿದೆ, ಶಕ್ತಿ ಹೋಗಿಲ್ಲ. ಕರಿ ಗೆರೆ ಇದ್ದ ಕಡೆ ಎಳೆದಳು, ಮೀಸೆ ಬಂತು. ಅದನ್ನು ಒಂದು ಕಾಗದದ ಪೊಟ್ಟಣಕ್ಕೆ ಉದುರಿಸಿಕೊಂಡಳು. ಬರುವಾಗ ಅಂಗಡಿ ತೆಗೆಸಿ ಗ್ರೈಂಡರಿನ ಕೆಳಗಿನ ಪುಡಿಯನ್ನೂ ಇನ್ನೊಂದು ಪೊಟ್ಟಣ ಕಟ್ಟಿಕೊಂಡಳು. ಮನೆಗೆ ಬಂದು ಎರಡನ್ನೂ ಬಿಳಿ ತಟ್ಟೆಯ ಮೇಲೆ ಸುರಿದು ನೋಡಿದೆವು. ಎರಡೂ ಕರಿ, ಎರಡೂ ಆಯಸ್ಕಾಂತಕ್ಕೆ ನೆಟ್ಟಗೆ ನಿಲ್ಲುತ್ತವೆ. ಯಾವುದು ಬೆಟ್ಟದ್ದು, ಯಾವುದು ನನ್ನದು, ನನಗೆ ಹೇಳಲಾಗಲಿಲ್ಲ.

ಸೋಮವಾರ ಶಾಲೆಯ ಭೂತಗನ್ನಡಿಯಲ್ಲಿ ನೋಡಿ ಬಂದು ಹೇಳಿದಳು. “ಕಾಲುವೇದು ಹರಳು ಹರಳಾಗಿ ಐತಪ್ಪ, ಮೂಲೆ ಸವೆದಿದಾವೆ. ನಿಮ್ಮದ್ರಲ್ಲಿ ಮಧ್ಯೆ ಮಧ್ಯೆ ಸಣ್ಣ ಗುಂಡು ಐದಾವೆ, ರಾಗಿ ಕಾಳಿದ್ದಂಗೆ.” ಗ್ರೈಂಡರಿನ ಕಿಡಿ ಹಾರುವಾಗ ಗಾಳಿಯಲ್ಲೇ ಕರಗಿ ದುಂಡಗಾಗುತ್ತದೆ, ಅದೇ ತಣ್ಣಗಾಗಿ ಬಿದ್ದದ್ದು ಅಂತ ಹೇಳಿಕೊಟ್ಟೆ. ಇಷ್ಟು ವರ್ಷ ಗುಡಿಸಿದ್ದೇನೆ, ಒಂದನ್ನೂ ನೋಡಿರಲಿಲ್ಲ. ಮಾರನೇ ದಿನ ಊಟದ ಡಬ್ಬಿಯ ಜೊತೆ ಒಂದು ಖಾಲಿ ಬೆಂಕಿಪೊಟ್ಟಣ ಕೊಟ್ಟಳು. “ಕಿಟ್ಟಾನೂ ತಗೊಂಡ್ಬಾಪ್ಪ. ಕುಟ್ಟಿದ್ದು ಬ್ಯಾಡ, ತಾನೇ ಬಿಟ್ಟಿದ್ದು.”